ನಾನು ಒಯ್ಯದ ಡಬ್ಬಿ

2024ರ ಫೆಬ್ರವರಿ 11, ಭಾನುವಾರ, ಮಧ್ಯಾಹ್ನ 12 ಗಂಟೆ 40 ನಿಮಿಷ. ಮುಂಬೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ, ಅಡುಗೆಮನೆಯ ಬಾಗಿಲಿಗೆ ತಾಗಿದ ಮೇಜಿನ ಹತ್ತಿರ ಕೂತು ಊಟಕ್ಕೆ ಕಾಯುತ್ತಿದ್ದಾಗ ಇದು ಶುರುವಾಯಿತು.

ಇಂಥ ಅನುಭವಗಳನ್ನು ಯಾರಾದರೂ ಹೇಳಲು ಹೊರಟರೆ ನಾನು ಮೊದಲು ತಾರೀಖು ಕೇಳುತ್ತಿದ್ದೆ. ಅವರಿಗೆ ನೆನಪಿರುತ್ತಿರಲಿಲ್ಲ. ಎಷ್ಟು ಗಂಟೆಗೆ, ಜೊತೆಗೆ ಯಾರಿದ್ದರು ಎಂದರೆ ಅದೂ ಇಲ್ಲ. ಹಾಗಾದರೆ ಇದು ನಡೆದದ್ದೇ ಅಲ್ಲ ಎಂದು ಎದ್ದು ಹೋಗುತ್ತಿದ್ದೆ. ಈಗ ನನ್ನ ಹತ್ತಿರ ತಾರೀಖು ಇದೆ, ಗಂಟೆ ಇದೆ, ಅಂಟಿಸಿಟ್ಟ ಟಿಕೆಟ್‌ಗಳಿವೆ, ಕೈಯಲ್ಲಿ ಹಿಡಿಯುವಂಥ ವಸ್ತುವೂ ಇದೆ. ಆದರೂ ನನಗೆ ಒಂದಕ್ಷರ ಅರ್ಥವಾಗಿಲ್ಲ.

ನಾನು ಹಂಗಾರಕಟ್ಟೆಯವಳು. ಒಂದು ಐಸ್ ಪ್ಲಾಂಟಿನಲ್ಲಿ ಯಾವ ಬೋಟಿಗೆ ಎಷ್ಟು ಐಸ್ ಹೋಯಿತು ಎಂದು ಬರೆಯುವ ಕೆಲಸ. ಬರೆದಿಡುವ ಚಾಳಿ ಮನೆಯಲ್ಲೂ ಬಿಡಲಿಲ್ಲ. ಪಿಯುಸಿಯಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆದಿದ್ದೇನೆ. ವರ್ಷಕ್ಕೆ ಎರಡು ಸಲ, ಎರಡೆರಡು ದಿನ, ಯಾವುದಾದರೂ ಒಂದು ನಗರಕ್ಕೆ ಒಬ್ಬಳೇ ಹೋಗುತ್ತೇನೆ. ಸ್ಲೀಪರ್ ಕ್ಲಾಸ್ ರೈಲು, ಹೆಂಗಸರ ಡಾರ್ಮಿಟರಿ, ಸಿಟಿ ಬಸ್ಸು, ನಿಂತು ತಿನ್ನುವ ಊಟ. ಅಷ್ಟರಲ್ಲೇ ಮುಗಿಯಬೇಕು. ಖರ್ಚಿಲ್ಲದ ಒಂದು ಸುಖವನ್ನು ನಾನೇ ಕಂಡುಕೊಂಡಿದ್ದೆ. ಹಳೆಯ ಸ್ಟೇಷನ್ನಿನಲ್ಲೋ ಹಳೆಯ ಮಾರ್ಕೆಟ್ಟಿನಲ್ಲೋ ಕೂತು ಒಂದು ಇಸವಿ ಆರಿಸಿಕೊಳ್ಳುವುದು, ಮನಸ್ಸಿನಲ್ಲೇ ಆ ಇಸವಿಗೆ ಹೋಗಿಬಿಡುವುದು. ಟ್ರಾಮ್ ಬರುತ್ತಿತ್ತು, ಕುದುರೆಗಾಡಿ ಬರುತ್ತಿತ್ತು. ಅರ್ಧ ಗಂಟೆ ಬಿಟ್ಟು ಎದ್ದು ಬಸ್ಸು ಹಿಡಿಯುತ್ತಿದ್ದೆ. ಆಗೆಲ್ಲ ನನಗೆ ಹಿಂದಕ್ಕೆ ಹೋಗಿ ಮಾಡಬೇಕಾದ ಕೆಲಸ ಏನೂ ಇರಲಿಲ್ಲ.

ಕೆಲಸ ಹುಟ್ಟಿದ್ದು 2022ರ ಅಕ್ಟೋಬರ್ 14ರಂದು.

ಅದನ್ನು ಹೇಳುವ ಮುಂಚೆ ದೊಡ್ಡಮ್ಮನ ಬಗ್ಗೆ ಹೇಳಬೇಕು. ನನ್ನ ಅಮ್ಮನ ಅಕ್ಕ, ಹೆಸರು ಗುಲಾಬಿ, ಪಕ್ಕದ ಮನೆ. ಕೊಕ್ಕರ್ಣೆ ಕಡೆಯ ಹಳ್ಳಿಗಳಿಗೆ ಮೀನು ಮಾರಲು ಹೋಗುತ್ತಾಳೆ. ಅವಳಿಗೆ ಒಬ್ಬನೇ ಮಗ, ಭಾಸ್ಕರಣ್ಣ. ದೊಡ್ಡಪ್ಪ ಅಳಿವೆಯಲ್ಲಿ ದೋಣಿ ಮಗುಚಿ ತೀರಿಕೊಂಡ ಮೇಲೆ ಭಾಸ್ಕರಣ್ಣ ಮತ್ತೆ ದೋಣಿ ಹತ್ತಲಿಲ್ಲ. ಕಾಲಿಟ್ಟರೆ ಮೈ ನಡುಗುತ್ತಿತ್ತಂತೆ. ಒಂದು ದಿನ ಬೆಳಿಗ್ಗೆ, ಬೋಟುಗಳು ನಿಲ್ಲುವ ಧಕ್ಕೆಯಲ್ಲಿ, ಎಲ್ಲರ ಎದುರು, ದೊಡ್ಡಮ್ಮ ತನ್ನ ಸೆರಗು ಜಗ್ಗಿ ತೋರಿಸಿ, "ನೀ ಗಂಡ್ಸಾ? ಇಕಾ, ಸೀರಿ ಉಟ್ಕೊ" ಎಂದಳು. ಮರುದಿನ ಅವನು ಮುಂಬೈಗೆ ಹೋದ. ಹೋಟೆಲ್ ಸೇರಿದ. ಒಂಬತ್ತು ವರ್ಷ ಊರಿಗೆ ಬರಲಿಲ್ಲ. ನನ್ನ ಅಮ್ಮನಿಗೆ ಫೋನು ಮಾಡುತ್ತಿದ್ದ, ತಾಯಿಗೆ ಮಾಡುತ್ತಿರಲಿಲ್ಲ. ದೊಡ್ಡಮ್ಮನೂ ಫೋನು ಕೇಳಲಿಲ್ಲ. 2022ರ ನವರಾತ್ರಿಯಲ್ಲಿ ಅವನು ನನ್ನ ಅಮ್ಮನ ಹತ್ತಿರ ಮಾತಿಗೆ, ಚಟ್ಲಿ ಚಟ್ನಿ ತಿನ್ನದೆ ವರ್ಷಗಳಾದವು ಎಂದನಂತೆ. ಚಟ್ಲಿ ಎಂದರೆ ನಮ್ಮಲ್ಲಿ ಸಿಗಡಿ. ಅದನ್ನು ಒಣಗಿಸಿ ಹುರಿದು ಮಾಡುವ ಚಟ್ನಿ. ಅಮ್ಮ ಅದನ್ನು ದೊಡ್ಡಮ್ಮನ ಕಿವಿಗೆ ಹಾಕಿದಳು.

ಅಕ್ಟೋಬರ್ 14, ಶುಕ್ರವಾರ. ನಾನು ಎರಡು ದಿನ ಮುಂಬೈ ನೋಡಲು ಹೊರಟಿದ್ದೆ. ಮಧ್ಯಾಹ್ನ ಎರಡೂವರೆಗೆ, ಬಾರ್ಕೂರು ಸ್ಟೇಷನ್ನಿಗೆ ಹೋಗಲು ರಿಕ್ಷಾ ಬಂದು ನಿಂತಿದ್ದಾಗ ದೊಡ್ಡಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದಳು.

"ಇದೊಂದ್ ತಕಂಡ್ ಹೋಗ್ ಹೆಣೆ. ಭಾಸ್ಕರಂಗೆ."

ನಮ್ಮಲ್ಲಿ ಮುಂಬೈಗೆ ಹೊರಟವರು ಊರಿನವರ ಪಾರ್ಸೆಲ್ ಲಾರಿ. ಕುಚ್ಚಲಕ್ಕಿ, ಹಪ್ಪಳ, ಒಣಮೀನು, ಎಲ್ಲರದೂ ಹೊರಬೇಕು. ನಾನು ಆ ಸಾಲಿಗೆ ಸೇರುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಒಂದೇ ಬ್ಯಾಗು, ಆರು ಕಿಲೋ, ಹೆಗಲಿಗೆ ಹಾಕಿ ನಡೆಯುವಂಥದ್ದು.

"ದೊಡ್ಡಮ್ಮ, ಬ್ಯಾಗಲ್ಲ್ ಜಾಗ ಇಲ್ಲ" ಎಂದೆ.

"ಒಂದ್ ಡಬ್ಬಿಗ್ ಜಾಗ ಇಲ್ಯಾ? ನೀ ಮುಂಬೈಗ್ ಹೋಪ್ದಾ, ಗಂಡನ್ ಮನಿಗ್ ಹೋಪ್ದಾ?"

"ಅವ್ನ್ ಹೋಟ್ಲ್ ನಾನ್ ಹೋಪ್ ಬದಿಯಲ್ಲಿಲ್ಲ. ಅರ್ಧ ದಿನ ಹಾಳಾತ್ತ್."

ಒಳಗಿನಿಂದ ಅಮ್ಮ, "ತಕಂಡ್ ಹೋಗ್ ಮಾರಾಯ್ತಿ, ಹೊತ್ರ್ ಸಾಯ್ತ್ಯಾ?" ಎಂದಳು.

ನನಗೆ ರೈಲಿನ ಚಿಂತೆ. "ಮೀನ್ ವಾಸ್ನೆ ಅಮ್ಮ, ರೈಲಲ್ಲ್ ಎಲ್ಲರತ್ರ ಬೈಸ್ಕಂಬ್ದಾ?" ಎಂದೆ.

ಜೀವಮಾನವಿಡೀ ಮೀನಿನ ಬುಟ್ಟಿ ಹೊತ್ತವಳ ಎದುರು ಹಾಗೆಂದೆ. ದೊಡ್ಡಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಆ ದಿನದ ದಿನಚರಿಯಲ್ಲಿ ಹೀಗಿದೆ: "ಬ್ಯಾಗು 6 ಕಿಲೋ 200 ಗ್ರಾಂ. ಡಬ್ಬಿ ಬೇಡವೆಂದೆ." ಆ ಡಬ್ಬಿಯಲ್ಲಿ ಇದ್ದದ್ದು ಚಟ್ನಿ ಮಾತ್ರವಲ್ಲ, ಒಂಬತ್ತು ವರ್ಷದಲ್ಲಿ ಅವಳು ಮಗನಿಗೆ ಕಳಿಸಿದ ಮೊದಲ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

2023ರ ಜನವರಿ 9ರಂದು ಫೋನು ಬಂತು. ಮೂರು ದಿನದ ಜ್ವರ, ಆಸ್ಪತ್ರೆಗೆ ಸೇರಿಸುವಾಗಲೇ ತಡವಾಗಿತ್ತು. ತೀರಿಕೊಂಡಾಗ ಭಾಸ್ಕರಣ್ಣನಿಗೆ ಮೂವತ್ತೆಂಟು.

ದೊಡ್ಡಮ್ಮ ನನ್ನೊಡನೆ ಮಾತು ಬಿಟ್ಟಳು. ಡಬ್ಬಿಯನ್ನು ತೊಳೆದು ಅಡುಗೆಮನೆಯ ಹಲಗೆಯ ಮೇಲೆ, ನಾನು ಹೋದರೆ ಮೊದಲು ಕಾಣುವ ಹಾಗೆ ಇಟ್ಟಳು. ಅಮ್ಮನ ಹತ್ತಿರ ಒಂದೇ ಮಾತು: "ಅದ್ ಮುಟ್ಟಿದ್ರೆ ಬತ್ತಿದ್ದ. ಈ ಹೆಣ್ಣ್ ತಕಂಡ್ ಹೋಯ್ಲಿಲ್ಲ." ಹೌದು ಎಂದು ನನಗೂ ಅನಿಸುತ್ತಿತ್ತು. ಅಲ್ಲಿಂದ ನನ್ನ ಹಗಲುಗನಸಿಗೆ ಬೇರೆ ಇಸವಿ ಸಿಗಲಿಲ್ಲ. ಎಲ್ಲಿ ಕೂತರೂ ಅಕ್ಟೋಬರ್ 14ರ ಎರಡೂವರೆಗೆ ಹೋಗುತ್ತಿದ್ದೆ. ಬ್ಯಾಗಿನಿಂದ ಕೊಡೆ ತೆಗೆದು ಹೊರಗಿಡುತ್ತಿದ್ದೆ. ಡಬ್ಬಿಯನ್ನು ಒಳಗಿಡುತ್ತಿದ್ದೆ. ಪ್ರತಿ ಸಲ ಹೋಗಿ ಬಂದಾಗಲೂ ದಿನಚರಿಯ ಕೊನೆಯ ಪುಟದಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

ಪ್ರವಾಸದ ಹೆಸರು ಹೇಳಿ 2024ರ ಫೆಬ್ರವರಿಯಲ್ಲಿ ಮತ್ತೆ ಮುಂಬೈಗೆ ಹೋದೆ. ಈ ಸಲ ನೋಡುವ ಜಾಗ ಒಂದೇ, ಭಾಸ್ಕರಣ್ಣನ ಹೋಟೆಲು. ಅಲ್ಲಿ ಕೂತು ಒಂದು ಊಟ ಮಾಡಿ ಬರಬೇಕು ಎಂದಷ್ಟೇ ಇತ್ತು. ಯಾರ ಪರಿಚಯವನ್ನೂ ಹೇಳಿಕೊಳ್ಳಲಿಲ್ಲ. ಊಟ ಬರುವವರೆಗೆ ಕಣ್ಣು ಮುಚ್ಚಿ ಮತ್ತೆ ಆ ಎರಡೂವರೆಗೆ ಹೋಗಿದ್ದೆ. ಡಬ್ಬಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತಿದ್ದಾಗ ಹತ್ತಿರದಲ್ಲಿ ಯಾರೋ ಕರೆದರು.

"ಹ್ವಾಯ್, ನೀವ್ ಭಾಸ್ಕರನ್ ತಂಗಿ ಅಲ್ದಾ?"

ಅರವತ್ತರ ಹತ್ತಿರದ ಸಪ್ಲಾಯರ್. ಗುಲ್ವಾಡಿಯವರು ಎಂದು ಆಮೇಲೆ ತಿಳಿಯಿತು. ಅವರನ್ನು ನಾನು ಜನ್ಮದಲ್ಲಿ ನೋಡಿದವಳಲ್ಲ. ಹೌದು ಎಂದೆ.

"ಆ ಸಲ ಗಡಿಬಿಡಿಲ್ ಹೋದ್ರಿ. ಡಬ್ಬಿ ಇಲ್ಲೇ ಉಳ್ದಿತ್. ಅವ್ನ್ ಹೋದ್ ಮೇಲೆ ಯಾರತ್ರ ಕೊಟ್ ಕಳ್ಸುದ್ ಅಂದೇಳಿ ಕಾದ್ಕಂಡಿದ್ದೆ."

"ಯಾವ ಡಬ್ಬಿ?"

"ಒಳ್ಳೆ ಕಥಿ! ನೀವೇ ತಂದ್ ಕೊಟ್ಟದ್ ಅಲ್ದಾ, ದೀಪಾವಳಿಗ್ ಮುಂಚೆ? ಹೋಟ್ಲ್ ಒಳ್ಗೆ ಮೀನ್ ಆತ್ತಿಲ್ಲ, ಸೇಠ್ ಕಂಡ್ರೆ ತಲಿ ತೆಗಿತ್ರ್. ಅದ್ಕೆ ಹಿಂದಿನ್ ಗಲ್ಲಿಯಲ್ಲ್ ನಿಂತ್ಕಂಡ್ ಕೊಟ್ರಿ. ಚಪ್ಲಿ ಬಾರ್ ಕಿತ್ ಹೋಯಿ ಎಳ್ಕಂಡ್ ಬಂದಿದ್ರಿ. ಪಿನ್ ಕೊಟ್ಟದ್ ನಾನೇ, ಮರ್ತ್ ಹೋಯ್ತಾ?"

ಅವರು ಒಳಗೆ ಹೋಗಿ ಮರಾಠಿ ಪತ್ರಿಕೆಯಲ್ಲಿ ಸುತ್ತಿದ ಡಬ್ಬಿ ತಂದು ನನ್ನ ಎಲೆಯ ಪಕ್ಕದಲ್ಲಿ ಇಟ್ಟರು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಅಕ್ಷರ: ಗುಲಾಬಿ, ಹಂಗಾರಕಟ್ಟೆ. ಅಂಚಿನಲ್ಲಿ, ಬಾವಿಕಟ್ಟೆಗೆ ಬಿದ್ದು ಆದ ನೆಗ್ಗು. ತೆರೆದರೆ ಚಟ್ಲಿಯ ವಾಸನೆ ಇನ್ನೂ ಇತ್ತು.

ಡಬ್ಬಿ ಸಿಕ್ಕಿದ ರಾತ್ರಿ ಭಾಸ್ಕರಣ್ಣ, ಹೋಟೆಲಿನ ಹುಡುಗರು ಮಲಗುವ ಟೆರೇಸಿನಲ್ಲಿ ಕೂತು ಊರಿನವರಿಗೆಲ್ಲ ಒಂದೊಂದು ಚಿಟಿಕೆ ಕೊಟ್ಟನಂತೆ. ಅಬ್ಬಿ, ಅಬ್ಬಿ ಎಂದು ತಾಯಿಯನ್ನು ನೆನೆದು ಮಕ್ಕಳ ಹಾಗೆ ಅತ್ತನಂತೆ. "'ಅಬ್ಬಿ ಸಿಟ್ಟ್ ಬಿಟ್ಲ್ ಕಾಣಿ, ಅಬ್ಬಿ ಸಿಟ್ಟ್ ಬಿಟ್ಲ್' ಅಂದ, ಎಷ್ಟ್ ಸಲ ಅಂತ್ರಿ!" ಎಂದು ಹೇಳಿ ಅವರು ಬೇರೆ ಮೇಜಿಗೆ ಸಾಂಬಾರು ಬಡಿಸಲು ಹೋದರು. ನಾನು ಊಟ ಮಾಡಿದೆನೋ ಇಲ್ಲವೋ ಬರೆದಿಲ್ಲ. ದಿನಚರಿಯಲ್ಲಿ ಆ ದಿನ ಊಟದ ಸಾಲೇ ಇಲ್ಲ.

ಆ ಸಂಜೆ ಡಾರ್ಮಿಟರಿಯಲ್ಲಿ ಅಮ್ಮನಿಗೆ ಫೋನು ಮಾಡಿ 2022ರ ಪುಸ್ತಕ ತೆಗೆಸಿದೆ. ಅಕ್ಟೋಬರ್ 15ರ ಪುಟವನ್ನು ಅಮ್ಮ ಓದಿದಳು. "11.20, ಚಪ್ಪಲಿ ಬಾರು ಕಿತ್ತಿತು. ಪಿನ್ನು ಹಾಕಿದೆ. 12.10, ಮ್ಯೂಸಿಯಂ." ಮ್ಯೂಸಿಯಂ ಟಿಕೆಟ್ ಅಲ್ಲೇ ಅಂಟಿಸಿತ್ತು. ನಡುವಿನ ಐವತ್ತು ನಿಮಿಷದಲ್ಲಿ ಆ ಹೋಟೆಲಿಗೆ ಹೋಗಿ ಬರಲು ಸಾಧ್ಯವೇ ಇಲ್ಲ, ಮರುದಿನ ನಾನೇ ರೈಲಿನಲ್ಲಿ ಹೋಗಿ ಬಂದು ನೋಡಿದೆ. ಆದರೆ ಪಿನ್ನು ಎಲ್ಲಿಂದ ಬಂತು ಎಂದು ನಾನು ಬರೆದಿರಲಿಲ್ಲ. ನೆನಪಿಗೂ ಬರಲಿಲ್ಲ. ನಾನು ಪಿನ್ನು ಇಟ್ಟುಕೊಂಡು ತಿರುಗುವವಳಲ್ಲ.

ಫೆಬ್ರವರಿ 13ರ ಬೆಳಿಗ್ಗೆ ಮನೆ ಮುಟ್ಟಿದವಳು ನೇರ ದೊಡ್ಡಮ್ಮನ ಅಡುಗೆಮನೆಗೆ ಹೋದೆ. ಹಲಗೆಯ ಮೇಲೆ ಅವಳ ಡಬ್ಬಿ ಇದ್ದಲ್ಲೇ ಇತ್ತು. ನಾನು ತಂದದ್ದನ್ನು ಅದರ ಪಕ್ಕದಲ್ಲಿಟ್ಟೆ. ಅದೇ ಹೆಸರು, ಅದೇ ಕೊರೆತ, ಮುಚ್ಚಳದಲ್ಲಿ ಅದೇ ಜಾಗಕ್ಕೆ ಅದೇ ನೆಗ್ಗು. ದೊಡ್ಡಮ್ಮ ಎರಡನ್ನೂ ಎತ್ತಿ ತಿರುಗಿಸಿ ನೋಡಿದಳು. ಆ ಅಂಗಡಿಯಲ್ಲಿ ತಾನು ಕೊಂಡದ್ದು ಒಂದೇ ಎಂದಳು. ನಾನು ಹೋಟೆಲಿನ ಮಾತನ್ನೆಲ್ಲ ಹೇಳಿದೆ.

"ಕೊಟ್ಟಿದ್ದೆ ಅಲ್ದಾ? ಮತ್ ಕೊಡ್ಲಿಲ್ಲ ಅಂದೇಳಿ ಎಂತಕ್ ಸುಳ್ ಹೇಳ್ದೆ?"

"ಸುಳ್ಳಲ್ಲ ದೊಡ್ಡಮ್ಮ, ನಾನ್ ಕೊಡ್ಲಿಲ್ಲ. ಡಬ್ಬಿ ತಿರ್ಗಿ ತಕಂಡ್ ಹೋದ್ದ್ ನೀನೇ ಅಲ್ದಾ? ಬೇಕಾರೆ ಪುಸ್ತಕ ಕಾಣ್."

"ನಿನ್ ಪುಸ್ತಕ ಒಲಿಗ್ ಹಾಕ್" ಎಂದು ನನ್ನ ತಲೆ ಸವರಿದಳು. ಹದಿಮೂರು ತಿಂಗಳ ಮೇಲೆ ಮಾತಾಡಿದ್ದಳು. ನಾನು ಅಲ್ಲೇ ಕೂತು ಅತ್ತೆ. ಅವಳು ಚಹಾ ಮಾಡಿದಳು.

ಆ ವಾರ ನಾನು ಓಣಿಯ ಹದಿನೇಳು ಮನೆಗಳಲ್ಲೂ ಕೇಳಿದೆ. ಆ ಅಕ್ಟೋಬರಿನಲ್ಲಿ ಮುಂಬೈಗೆ ಹೋದವರು ನಾನೊಬ್ಬಳೇ. ನಾನು ಬೇಡವೆಂದ ಚಟ್ನಿಯನ್ನು ದೊಡ್ಡಮ್ಮ ಎಡಗಡೆಯ ಮನೆಯವರಿಗೆ ಕೊಟ್ಟಿದ್ದಳು, ಅವರು ತಿಂದದ್ದೂ ನಿಜ. ಎರಡು ಡಬ್ಬಿಗೆ ಕಾರಣ ಸಿಗಲಿಲ್ಲ.

ನಾಲ್ಕು ದಿನ ದೊಡ್ಡಮ್ಮ ಕಂಡವರಿಗೆಲ್ಲ ಇದನ್ನೇ ಹೇಳಿದಳು. ಮಗ ತಿಂದ, ಮಗ ಅತ್ತ, ಸಿಟ್ಟು ಬಿಟ್ಟದ್ದು ಅವನಿಗೆ ಗೊತ್ತಾಯಿತು. ಐದನೆಯ ದಿನ, ಫೆಬ್ರವರಿ 17ರ ಬೆಳಿಗ್ಗೆ, ಬುಟ್ಟಿ ಹೊರದೆ ನಮ್ಮ ಮೆಟ್ಟಿಲಿಗೆ ಬಂದು ಕೂತಳು.

"ಅಕ್ಟೋಬರಲ್ಲ್ ಡಬ್ಬಿ ಮುಟ್ಟಿತ್. ಅವ ಹೋದ್ದ್ ಜನವರಿಲ್. ನಡೂಗ್ ಮೂರ್ ತಿಂಗ್ಳ್. ಮತ್ ಎಂತಕ್ ಬರ್ಲಿಲ್ಲ ಹೆಣೆ?"

ಅಷ್ಟು ದಿನ ಅವಳಿಗೆ ಸಿಟ್ಟು ಮಾಡಲು ನಾನಾದರೂ ಇದ್ದೆ. ಡಬ್ಬಿ ಮುಟ್ಟಲಿಲ್ಲ, ಅದಕ್ಕೆ ಬರಲಿಲ್ಲ, ಅಷ್ಟೇ. ಈಗ ಡಬ್ಬಿ ಮುಟ್ಟಿದೆ. ಮುಟ್ಟಿಯೂ ಅವನು ಬರಲಿಲ್ಲ. ಧಕ್ಕೆಯಲ್ಲಿ ತಾನಾಡಿದ ಮಾತು ಒಂದೇ ಅವಳ ಪಾಲಿಗೆ ಉಳಿಯಿತು. ಹಿಂದಕ್ಕೆ ಹೋಗಿ ಒಂದು ಕೆಲಸ ತಿದ್ದಲು ಸಿಕ್ಕರೆ ಸಾಕು ಎಂದು ನೂರ ನಲವತ್ತು ಗೀಟು ಎಳೆದಿದ್ದೆ. ಅದು ಯಾರ ಕೈಯಲ್ಲಿ, ಹೇಗೆ ತಿದ್ದಿಹೋಯಿತೋ ತಿಳಿಯದು. ಅಣ್ಣ ಸತ್ತ ತಾರೀಖು ಬದಲಾಗಲಿಲ್ಲ. ದೊಡ್ಡಮ್ಮನಿಗೆ ಇದ್ದ ಒಂದು ಆಸರೆಯನ್ನೂ ನಾನೇ ಕಿತ್ತುಕೊಂಡ ಹಾಗಾಯಿತು. ಗೀಟು ಎಳೆಯುವುದನ್ನು ಅಂದಿಗೆ ನಿಲ್ಲಿಸಿದೆ. ಆಮೇಲೆ ಯಾವ ನಗರಕ್ಕೂ ಹೋಗಿಲ್ಲ.

ಮೇ 19, ಭಾನುವಾರ, ಗುಲ್ವಾಡಿಗೆ ಹೋಗಿ ಆ ಸಪ್ಲಾಯರನ್ನು ಹುಡುಕಿದೆ. ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಹೋಟೆಲು ಮುಚ್ಚಿತಂತೆ, ಹುಡುಗರೆಲ್ಲ ಒಂದೊಂದು ಕಡೆ ಹೋದರಂತೆ. ಡಬ್ಬಿಯ ಕಥೆಯನ್ನು ಒಂದು ಅಕ್ಷರ ಬದಲಿಸದೆ ಮತ್ತೆ ಹೇಳಿದರು. ಭಾಸ್ಕರಣ್ಣ ಊರಿಗೆ ಹೋಗುವ ಮಾತು ಏನಾದರೂ ಆಡಿದ್ದನೇ ಎಂದು ಕೇಳಿದೆ. "ನಂಗ್ ಗೊತ್ತಿಲ್ಲ ಮಗಾ. ನವೆಂಬರ್, ಡಿಸೆಂಬರ್ ನಾನ್ ರಜೆಲ್ ಇಲ್ಲೇ ಇದ್ದೆ. ತಿರ್ಗಿ ಹೋಪತಿಗೆ ಅವ ಇರ್ಲಿಲ್ಲ" ಎಂದರು. ನನ್ನ ಮುಖ ನೋಡಿ, "ಅವ್ನೇ ನಿಮ್ಮತ್ರ ಎಂತದೂ ಹೇಳ್ಲಿಲ್ಯಾ, ಆ ಗಲ್ಲಿಯಲ್ಲ್?" ಎಂದು ಕೇಳಿದರು.

ಓದುವವರಲ್ಲಿ ಕುಂದಾಪುರ, ಬೈಂದೂರು ಕಡೆಯಿಂದ ಹೋಗಿ ಮುಂಬೈಯ ಹೋಟೆಲುಗಳಲ್ಲಿ ದುಡಿದವರು ಇರಬಹುದು. 2022ರ ನವೆಂಬರಿನಿಂದ ಜನವರಿಯವರೆಗೆ ಹಂಗಾರಕಟ್ಟೆಯ ಭಾಸ್ಕರನ ಜೊತೆ ಒಂದೇ ಟೆರೇಸಿನಲ್ಲಿ ಮಲಗಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಡಬ್ಬಿ ತಂದವರು ಯಾರು ಎಂದು ಗೊತ್ತಿದ್ದರೆ ಸರಿ, ಇಲ್ಲದಿದ್ದರೂ ಚಿಂತೆಯಿಲ್ಲ. ಅವನು ಸೇಠ್ ಹತ್ತಿರ ರಜೆ ಕೇಳಿದ್ದನೇ, ರೈಲಿಗೆ ಟಿಕೆಟ್ ಮಾಡಿಸಿದ್ದನೇ, ಊರಿಗೆ ಹೋಗುತ್ತೇನೆ ಎಂದು ಯಾರ ಹತ್ತಿರವಾದರೂ ಒಂದು ಸಲ ಹೇಳಿದ್ದನೇ, ಅಷ್ಟು ಬೇಕು. ದೊಡ್ಡಮ್ಮ ದಿನಾ ಕೇಳುತ್ತಾಳೆ. ಅವನು ಬರುವ ಯೋಚನೆಯನ್ನೇ ಮಾಡಿರಲಿಲ್ಲ ಎಂದು ನಿಮಗೆ ಗೊತ್ತಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದವಳು ನಾನೇ.