ಹುಲಿ ಬೋನಿನ ಮುಂದೆ ಬೀಗರ ಕೂಗು

ಗೆಳೆಯರೇ, ಇವತ್ತು ಬಿಂಕದಕಟ್ಟಿ ಝೂದಲ್ಲಿ ಬೈಸಿಕೊಂಡು ಬಂದಿದ್ದೇನೆ.

ಮುಂಡರಗಿಯಿಂದ ತಂಗಿಯ ಮಾವ, ಅಂದರೆ ಅಪ್ಪನ ಬೀಗರು ಬಂದಿದ್ದರು. ಹುಲಿ ಬೋನಿನ ಮುಂದೆ ನಿಂತಾಗ ಮಾತು, ಬಳ್ಳಿ ಹಿಡಿದು ಜೀಕುವ ಆ ಕಾಡಿನ ಹೀರೋನ ಸಿನಿಮಾಗಳತ್ತ ಹೊರಳಿತು. ಅಪ್ಪನಿಗೆ ಗದಗಿನ ಟಾಕೀಸಿನಲ್ಲಿ ನೋಡಿದ ಕಪ್ಪು-ಬಿಳುಪಿನವನೇ ಖರೆ ಹೀರೋ. ಬೀಗರಿಗೆ ಆಮೇಲೆ ಬಂದ ಬಣ್ಣದವನು. ನಾನು ಈಚಿನ ಗ್ರಾಫಿಕ್ಸ್ ಸಿನಿಮಾದವನ ಸುದ್ದಿ ತೆಗೆದೆ. "ಪ್ಯಾಂಟ್ ಹಾಕ್ಕೊಂಡಾಂವ ಎಂಥಾ ಕಾಡಿನಂವ ಬಿಡೋ" ಎಂದು ಇಬ್ಬರೂ ಬಾಯಿ ಮುಚ್ಚಿಸಿದರು.

"ನಮ್ಮ ಬಣ್ಣದಾಂವನ ಕೂಗು ಕೇಳೀರೇನ್ರಿ? ಅದರ ಮುಂದ ನಿಮ್ಮಂವ ಏನೂ ಅಲ್ಲ" ಎಂದರು ಬೀಗರು.

"ಗಂಡಿನ ಕಡ್ಯಾವ್ರು, ಹೂಂ ಅಂದುಬಿಡ್ರಿ" ಎಂದು ಅವ್ವ ಅಪ್ಪನ ಕಿವಿಯಲ್ಲಿ ಹೇಳಿದಳು. ತಂಗಿಯ ಮದುವೆಯಾದಾಗಿನಿಂದ ಬೀಗರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ ಅಪ್ಪ ಇವತ್ತು ಸಿಡಿದ.

"ಮಗಳನ್ನ ಕೊಟ್ಟೀನಿ. ಹೀರೋನ್ನ ಬಿಟ್ಟುಕೊಡಂಗಿಲ್ಲ!"

ಇಬ್ಬರೂ ತಮ್ಮ ತಮ್ಮ ಹೀರೋನಂತೆ ಎದೆ ಗುದ್ದಿಕೊಂಡು ಒಬ್ಬರಾದ ಮೇಲೆ ಒಬ್ಬರು ಕೂಗಿದರು. ಹುಲಿ ಮಗ್ಗಲು ಬದಲಿಸಿ ಮಲಗಿತು. ಕಾವಲುಗಾರ ಓಡಿಬಂದ.

"ಯಾರ್ರಿ ಅದು ಒದರಿದ್ದು?"

ಬೀಗರು ನನ್ನತ್ತ ಬೆರಳು ತೋರಿಸಿದರು. ಅಪ್ಪ ತಡಮಾಡದೆ "ಹೂಂ" ಎಂದ.