ನೀಲಿ ಕಾಗದ, ಗಂಧದ ಹಾರ

ಹುಬ್ಬಳ್ಳಿಯ ಹಳೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಆಗಲೇ ಕಿಟಕಿಯಿಂದ ಒಂದು ಕರವಸ್ತ್ರ ಒಳಗೆ ಬಂದು ಸೀಟಿನ ಮೇಲೆ ಕುಳಿತಿರುತ್ತದೆ. ಅದಕ್ಕೆ ಟಿಕೆಟ್ಟಿಲ್ಲ, ಅದಕ್ಕೆ ಸೀಟು ಬಿಡಬೇಕೆಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಆದರೂ ಬಸುರಿ ಹೆಂಗಸು ಕಂಬ ಹಿಡಿದು ನಿಂತಾಳೇ ಹೊರತು ಯಾರೂ ಅದನ್ನು ಎತ್ತಿ ಬಿಸಾಡುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಾನೂ ಹೀಗೆ ಎಷ್ಟೋ ಕರವಸ್ತ್ರಗಳನ್ನು ಎಸೆದವಳೇ. ರೂಢಿ ಎನ್ನುವುದು ಕಾಯ್ದೆಗಿಂತ ಗಟ್ಟಿ ಎಂದು ನಾನು ಕಲಿತದ್ದು ಅಲ್ಲಿ. ಅದು ಎಷ್ಟು ಕ್ರೂರವಾಗಬಲ್ಲದು ಎಂದು ಕಲಿತದ್ದು ಮಾತ್ರ ತೊಂಬತ್ತರ ದಶಕದಲ್ಲಿ, ಅಮೆರಿಕದ ಕ್ಯಾರೊಲಿನಾದಲ್ಲಿ. ಉತ್ತರ ಕ್ಯಾರೊಲಿನಾವೋ ದಕ್ಷಿಣವೋ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ.

ಅಲ್ಲಿ ಒಬ್ಬ ವಕೀಲೆಯ ಕಚೇರಿಯಲ್ಲಿ ಫೋನು ಎತ್ತುವ, ಫೈಲು ಜೋಡಿಸುವ ಕೆಲಸ ನನ್ನದು. ಊರಿಗೆ ಊರೇ ಅವರನ್ನು ಮಿಸ್ ಡೊರೊಥಿ ಎನ್ನುತ್ತಿತ್ತು. ನಾವು ಹಿರಿಯ ಹೆಂಗಸರ ಹೆಸರಿಗೆ ಅಕ್ಕ ಸೇರಿಸುವಂತೆ ಆ ಸೀಮೆಯವರು ಮಿಸ್ ಸೇರಿಸುತ್ತಾರೆ, ಮೊಮ್ಮಕ್ಕಳಿದ್ದರೂ ಸರಿಯೇ. ತಂಬಾಕು ಕಾರ್ಖಾನೆಯ ಕೂಲಿಯ ಮಗಳಾಗಿ ಹುಟ್ಟಿದ ಆ ಕಪ್ಪು ಹೆಂಗಸು, ತನ್ನ ತಾಯಿ ಹಿಂಬಾಗಿಲಿನಿಂದ ಹೋಗುತ್ತಿದ್ದ ಊರಿನಲ್ಲೇ ಮುಂಬಾಗಿಲಿಗೆ ಹೆಸರಿನ ಫಲಕ ಹಾಕಿಸಿಕೊಂಡವರು. ಒಂದು ವಸಂತದಲ್ಲಿ ಅಧ್ಯಕ್ಷರು ಅವರನ್ನು ನಮ್ಮ ಭಾಗದ ಫೆಡರಲ್ ನ್ಯಾಯಾಲಯಕ್ಕೆ ನ್ಯಾಯಾಧೀಶೆಯಾಗಿ ಹೆಸರಿಸಿದರು. ದೇಶದ ದೊರೆಯೇ ಹೇಳಿದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡು ನಾನು ಆ ಸಂಜೆಯೇ ಕೇಸರಿಬಾತು ಮಾಡಿ ಕಚೇರಿಯ ಕಟ್ಟಡಕ್ಕೆಲ್ಲ ಹಂಚಿದೆ.

ಉಳಿದದ್ದು ಒಂದು ನೀಲಿ ಕಾಗದ. ಅಧ್ಯಕ್ಷರು ಹೆಸರಿಸಿದವರನ್ನು ಸೆನೆಟ್ ಎಂಬ ಮೇಲ್ಮನೆ ಒಪ್ಪಬೇಕು. ಸೆನೆಟ್ ಒಪ್ಪುವ ಮುನ್ನ ಅದರ ಸಮಿತಿ ವಿಚಾರಣೆ ನಡೆಸಬೇಕು. ಸಮಿತಿ ವಿಚಾರಣೆ ನಡೆಸುವ ಮುನ್ನ ಆಯಾ ರಾಜ್ಯದ ಇಬ್ಬರು ಸೆನೆಟರುಗಳಿಗೆ ಒಂದೊಂದು ನೀಲಿ ಕಾಗದ ಕಳಿಸಿ ನಿಮ್ಮ ಅಭಿಪ್ರಾಯ ಬರೆದು ಸಹಿ ಹಾಕಿ ಎಂದು ಕೇಳುತ್ತದೆ. ಆ ಕಾಗದ ಹಿಂತಿರುಗದಿದ್ದರೆ ಅಲ್ಲಿಗೆ ಮುಗಿಯಿತು. ಬೇಡ ಎಂದು ಬರೆಯಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ, ಮೇಜಿನ ಖಾನೆಯಲ್ಲಿ ಹಾಕಿಟ್ಟು ಸುಮ್ಮನಿದ್ದರೆ ಸಾಕು. ಸಂವಿಧಾನದಲ್ಲಿ ಹುಡುಕಿದರೆ ನೀಲಿಯೂ ಇಲ್ಲ, ಕಾಗದವೂ ಇಲ್ಲ, ಬರೀ ರೂಢಿ. ಹುಬ್ಬಳ್ಳಿಯಲ್ಲಿ ಕರವಸ್ತ್ರದ ಒಡೆಯ ಏದುಸಿರು ಬಿಡುತ್ತಾ ಬಂದು ಆ ಸೀಟಿನಲ್ಲಿ ಕೂರುವುದಾದರೂ ಕೂರುತ್ತಾನೆ. ಇಲ್ಲಿ ಸೀಟು ಹಿಡಿದಿಡುವುದು ಯಾರೂ ಕೂರದಿರಲಿ ಎಂದು.

ನಮ್ಮ ಇಬ್ಬರು ಸೆನೆಟರುಗಳಲ್ಲಿ ಒಬ್ಬರ ಕಾಗದ ಬೇಗ ಹೋಯಿತಂತೆ, ಇನ್ನೊಬ್ಬರದು ಹೋಗಲಿಲ್ಲವಂತೆ. ಎಲ್ಲವೂ ಅಂತೆ ಕಂತೆ, ಏಕೆಂದರೆ ಆಗ ಅದೂ ಗುಟ್ಟು. ಈ ನಡುವೆ ಮಿಸ್ ಡೊರೊಥಿಯವರ ವಕೀಲಿಕೆ ಒಣಗತೊಡಗಿತು. ನಾಳೆ ನ್ಯಾಯಪೀಠಕ್ಕೆ ಹೋಗುವವರಿಗೆ ಇವತ್ತು ಯಾರು ಮೊಕದ್ದಮೆ ಕೊಡುತ್ತಾರೆ? ಬಂದವರಿಗೂ ಅವರೇ "ನಡುನೀರಿನಲ್ಲಿ ಕೈಬಿಡಬೇಕಾಗಬಹುದು, ಬೇರೆಯವರನ್ನು ನೋಡಿಕೊಳ್ಳಿ" ಎಂದು ಹೇಳಿ ಕಳಿಸುತ್ತಿದ್ದರು. ಮಾತಾಡಿದರೆ ಕೆಡುತ್ತದೆ, ಬಾಯಿ ಮುಚ್ಚಿಕೊಂಡಿರಿ ಎಂದು ವಾಷಿಂಗ್ಟನ್ನಿನ ತಿಳಿದವರ ಬುದ್ಧಿವಾದ ಬೇರೆ. ಕೋರ್ಟಿನಲ್ಲಿ ಸಿಂಹದಂತಿದ್ದ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ನನ್ನ ಫೋನಿನ ಕಡೆಗೇ ಕಿವಿಯಿಟ್ಟು ಕೂರುತ್ತಿದ್ದರು.

ಒಂದು ದಿನ ಅವರೆಂದರು: "ಬೇಡ ಅಂದ್ರೆ ತಡ್ಕೋತೀನಿ ಸುಮಾ. ಎದುರಿಗೆ ಕೂರಿಸಿಕೊಂಡು ನನ್ನನ್ನ ಒಂದು ಪ್ರಶ್ನೆ ಕೇಳ್ಲಿ. ಅಷ್ಟು ಸಾಕು."

ಇದನ್ನು ನಾನು ನಮ್ಮ ಕನ್ನಡ ಬಳಗದ ಹಿರಿಯರಾದ ಹಿರೇಮಠ ಡಾಕ್ಟರ ಮುಂದೆ ತೋಡಿಕೊಂಡೆ. ಬಿಜಾಪುರದ ಕಡೆಯವರು, ಶಾಸಕರ ಮನೆಯ ಜಗಲಿ ಕಂಡು ಬೆಳೆದವರು.

"ಇಷ್ಟಕ್ಕ್ಯಾಕ ತಲಿ ಕೆಡಿಸ್ಕೋತೀ ತಂಗಿ?" ಎಂದರು. "ಹೋಗಿ ಒಂದ್ಸಲ ಕಂಡ ಬರೂಣು. ಎಷ್ಟ ದೊಡ್ಡ ಮನಷ್ಯಾ ಇರವಲ್ನ್ಯಾಕ, ಕೊಳ್ಳಾಗ ಹಾರ ಹಾಕಿಸ್ಕೊಂಡ ಮ್ಯಾಲೆ ಇಲ್ಲ ಅನ್ನಂಗಿಲ್ಲ."

ಮಿಸ್ ಡೊರೊಥಿಯವರಿಗೆ ತಿಳಿಸದೆ ನಾವು ಐದಾರು ಜನ ವ್ಯಾನು ಮಾಡಿಕೊಂಡು ವಾಷಿಂಗ್ಟನ್ನಿಗೆ ಹೊರಟೆವು. ಊರಾಚೆಯ ಫೇರ್‌ಫ್ಯಾಕ್ಸಿನಲ್ಲಿ ಡಾಕ್ಟರ ಸೋದರ ಸೊಸೆಯ ಮನೆಯಲ್ಲಿ ಅವಲಕ್ಕಿ ತಿಂದು, ಆರೆಂಜ್ ಲೈನ್ ಮೆಟ್ರೋ ಹತ್ತಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಗದ ಹಿಡಿದಿಟ್ಟ ಆ ಮುದಿ ಸೆನೆಟರ ಕಚೇರಿಯ ಮೆಟ್ಟಿಲೇರಿದೆವು. ಮುದುಕರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ! ಮಿಸ್ ಡೊರೊಥಿಯ ಬಗ್ಗೆ ತಮಗೆ ಅಪಾರ ಗೌರವವಿದೆ ಎಂದರು. ಡಾಕ್ಟರು ಮೈಸೂರಿನ ಗಂಧದ ಹಾರ ತೊಡಿಸಿದಾಗ ಕೊರಳು ಬಾಗಿಸಿ, ಅದನ್ನು ಮೂಗಿಗೆ ಹಿಡಿದು ನಕ್ಕರು. ಎಲ್ಲರೂ ಸೇರಿ ಫೋಟೊ ತೆಗೆಸಿಕೊಂಡೆವು. ಹೊರಗೆ ಬಂದು ಡಾಕ್ಟರು "ಕೆಲಸಾ ಆತು" ಎಂದರು, ನಾವೂ ಆಯಿತೆಂದೇ ನಂಬಿದೆವು. ನಮ್ಮ ಕಡೆ ಹಾರ ಹಾಕಿಸಿಕೊಂಡವನಿಗೆ ಒಂದಿಷ್ಟು ದಾಕ್ಷಿಣ್ಯವಾದರೂ ತಗುಲುತ್ತದೆ; ಅದು ಗಡಿ ದಾಟಿ ಬರದ ಸರಕೆಂದು ನಮಗೆ ಯಾರು ಹೇಳಬೇಕಿತ್ತು?

ಆ ವರ್ಷ ಸೆನೆಟರಿಗೆ ಮರುಚುನಾವಣೆ. ಶರತ್ಕಾಲದಲ್ಲಿ ರಾಜ್ಯದ ಮನೆಮನೆಯ ಅಂಚೆಡಬ್ಬಿಗೂ ಅವರ ಪ್ರಚಾರದ ಬಣ್ಣದ ಕಾಗದ ಬಂತು. ಅದರಲ್ಲಿ ನಾವಿದ್ದೆವು. ಗಂಧದ ಹಾರ, ನನ್ನ ಹಸಿರು ಸೀರೆ, ಡಾಕ್ಟರ ಮುಗಿದ ಕೈ. ಕೆಳಗೆ, ಎಲ್ಲ ಜನಾಂಗದವರೂ ಇವರ ಜೊತೆಗಿದ್ದಾರೆ ಎಂಬ ಒಕ್ಕಣೆ. ಇವರು ಕಪ್ಪು ಜನರ ವಿರೋಧಿ ಎನ್ನುವವರ ಬಾಯಿಗೆ ನಾವೇ ಹೋಗಿ ಬೀಗವಾಗಿದ್ದೆವು. ಮಿಸ್ ಡೊರೊಥಿ ಅದನ್ನು ಮನೆಯಿಂದ ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ಆ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡರು.

"ಸೀರೆ ಚೆನ್ನಾಗಿದೆ," ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸೆನೆಟರು ಗೆದ್ದರು. ಅಧಿವೇಶನ ಮುಗಿದ ದಿನ, ಇತ್ಯರ್ಥವಾಗದ ಹೆಸರುಗಳೆಲ್ಲ ಅಧ್ಯಕ್ಷರಿಗೆ ಹಿಂದಿರುಗಿದವು, ಮಿಸ್ ಡೊರೊಥಿಯವರದೂ ಹಿಂದಿರುಗಿತು. ಮತ್ತೆ ಹೆಸರಿಸೋಣವೇ ಎಂದು ಶ್ವೇತಭವನದವರು ಕೇಳಿದಾಗ ಅವರು ಬೇಡವೆಂದರು. ಯಾರೂ ಅವರನ್ನು ಸೋಲಿಸಲಿಲ್ಲ, ನೋಡಿ. ಸೋಲಿಸಬೇಕಾದರೆ ಎದುರು ನಿಲ್ಲಬೇಕಲ್ಲ. ಪ್ರಜಾಪ್ರಭುತ್ವದಲ್ಲಿ ಮತಕ್ಕೆ ಬೆಲೆಯಿದೆ ಎಂದು ಶಾಲೆಯಲ್ಲಿ ಓದಿದ್ದೆ. ಒಬ್ಬ ಮನುಷ್ಯ ಸುಮ್ಮನಿದ್ದರೆ ಎಲ್ಲ ಮತಗಳಿಗಿಂತ ಅದಕ್ಕೇ ಬೆಲೆ ಹೆಚ್ಚು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಹಾಗೆಂದು ಅದರಿಂದ ಯಾರಿಗೂ ಏನೂ ಆಗಿಲ್ಲ.

ಮರುವರ್ಷ ನಾನು ಅಮೆರಿಕದ ಪ್ರಜೆಯಾದೆ. ಪ್ರಮಾಣವಚನ ಅದೇ ಫೆಡರಲ್ ನ್ಯಾಯಾಲಯದಲ್ಲಿ. ನಿವೃತ್ತಿಯ ವಯಸ್ಸು ದಾಟಿಯೂ ಖಾಲಿ ಸ್ಥಾನದ ಕೆಲಸ ಹೊತ್ತುಕೊಂಡಿದ್ದ ವೃದ್ಧ ನ್ಯಾಯಾಧೀಶರೊಬ್ಬರು, ದಣಿದ ದನಿಯಲ್ಲಿ, ಸಂವಿಧಾನವನ್ನು ಕಾಪಾಡುತ್ತೇನೆ ಎಂದು ನಮ್ಮೆಲ್ಲರಿಂದ ಹೇಳಿಸಿದರು. ಮಿಸ್ ಡೊರೊಥಿ ನನಗಾಗಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಲಕೋಟೆ ಕೊಟ್ಟರು; ನನ್ನದರಲ್ಲಿ ಸೆನೆಟರ ಸ್ವಾಗತಪತ್ರವಿತ್ತು, ಕೆಳಗೆ ಅವರ ದೊಡ್ಡ ದುಂಡು ಸಹಿ. ಮಿಸ್ ಡೊರೊಥಿ ಅದನ್ನು ತೆಗೆದುಕೊಂಡು ಓದಿ, ಮಡಿಸಿ ನನಗೇ ವಾಪಸು ಕೊಟ್ಟರು.

"ಸಹಿ ಮಾಡೋಕೆ ಬರತ್ತೆ ಹಾಗಾದ್ರೆ," ಎಂದರು.

ಹೊರಗಿನ ಓಣಿಯಲ್ಲಿ ಹೊಸ ಪ್ರಜೆಗಳನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವ ಮೇಜೊಂದಿತ್ತು. ನಾನು ಅದನ್ನು ದಾಟಿ ಹೋಗುತ್ತಿದ್ದೆ; ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿ, ಕೈಚೀಲದಿಂದ ತಮ್ಮ ಪೆನ್ನು ತೆಗೆದು ಕೊಟ್ಟರು. ಕೂತು ಹೆಸರು, ವಿಳಾಸ ಎಲ್ಲ ಬರೆದೆ. ನಂಬಿಕೆಯಿಂದ ಬರೆದೆ ಎಂದರೆ ಸುಳ್ಳಾಗುತ್ತದೆ. ಅವರು ನೋಡುತ್ತಾ ನಿಂತಿದ್ದರು, ಅದಕ್ಕೆ ಬರೆದೆ.