ಬಾಗಿಲ ಮೇಲಿನ ಹೆಸರು

ಒಂದೀನಾ ಬಲ್ಲಾರಿನ್ ಕೋಪ ಬಂದರೆ ದನಿ ಏರಿಸುತ್ತಿರಲಿಲ್ಲ. ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ದೋಣಿಗಳ ಮೆತ್ತೆ ಹೊಲಿಯುವುದು ಅವಳ ಕಸುಬು. ವೆನಿಸ್ಸಿನ ಕಾಸ್ತೆಲ್ಲೊ ಕೇರಿಯಲ್ಲಿ, ಕಾಲುವೆಗೆ ತಾಗಿದ ಕೆಳಮನೆಯಲ್ಲಿ ಅವಳಿದ್ದಳು. ಅಜ್ಜಿಯ ಕಾಲದಿಂದಲೂ ಬಾಡಿಗೆಗೆ. ನಡುವೆ ಒಂದೇ ಗೋಡೆ, ಈಚೆ ನಾನು.

ಕಳೆದ ಬೇಸಗೆಯಲ್ಲಿ ಆ ಮನೆಯ ಒಡತಿ ತೀರಿಕೊಂಡಳು. ಒಣನೆಲದ ಊರು ಪಾದೊವಾದಿಂದ ಅವಳ ಅಳಿಯ ರುಜ್ಜೇರೊ ಬಂದ. ಕಂಕುಳಲ್ಲಿ ಕಾಗದ ಸುತ್ತಿದ ಹಿತ್ತಾಳೆಯ ಫಲಕ.

"ಅಕ್ಟೋಬರ್ ಒಳಗೆ ಬಿಟ್ಟುಕೊಡಿ ಅಮ್ಮಾ. ಪ್ರವಾಸಿಗರಿಗೆ ಕೊಡೋಣ ಅಂತಿದೀನಿ" ಎಂದು ಫಲಕ ಬಿಚ್ಚಿ ತೋರಿಸಿದ. 'ಹಳೆಯ ವೆನೆತ್ಸಿಯಾನರ ಮನೆ', ಅಂದರೆ ವೆನಿಸ್ಸಿನ ಮೂಲದವರ ಮನೆ, ಎಂದಿತ್ತು. "ಇದರ ಪಕ್ಕ ನಿಂತ್ಕೊಳಿ, ಒಂದು ಫೋಟೊ ತೆಗೀತೀನಿ. ನಿಮ್ಮಂಥ ಮುಖ ಕಂಡ್ರೆ ಜನ ಬರ್ತಾರೆ."

ಒಂದೀನಾ ಬಾಯಿಂದ ಸೂಜಿ ತೆಗೆದಳು. "ಮನೆ ನಿಮ್ಮದು, ತಗೊಳ್ಳಿ. ಆ ಹೆಸರು ಹಾಕ್ಬೇಡಿ. ಇರೋ ವೆನೆತ್ಸಿಯಾನಳನ್ನ ಹೊರಗೆ ದಬ್ಬಿ, ಬಾಗಿಲ ಮೇಲೆ ವೆನೆತ್ಸಿಯಾನರು ಅಂತ ಬರೆಸ್ತೀರಾ?"

ಅವನು ನಕ್ಕ. "ಹೆಸರೇನು ನಿಮ್ಮಪ್ಪನ ಆಸ್ತೀನಾ? ಹಾಗೆ ನೋಡಿದ್ರೆ ಅದು ನಮ್ಮದು. ವೆನೆತಿ ಅನ್ನೋ ಜನ ನಮ್ಮ ಪಾದೊವಾ ಕಡೆ ಕುದುರೆ ಸಾಕ್ಕೊಂಡಿದ್ದೋರು. ಆಗ ಇಲ್ಲೇನಿತ್ತು? ಕೆಸರು, ಸೊಳ್ಳೆ!"

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಎಜೀದಿಯೊ ಅವರನ್ನು ಕೇಳಿದೆವು. ಅವರು ಮೆಲ್ಲಗೆ ಹೇಳಿದರು. "ಅವನು ಹೇಳಿದ್ದು ಸುಳ್ಳಲ್ಲಮ್ಮ. ವೆನೆತಿ ಜನ ಇದ್ದದ್ದು ಒಣನೆಲದಲ್ಲೇ. ದಂಡು ನುಗ್ಗಿ ಊರು ಸುಟ್ಟಾಗ ಓಡಿಬಂದೋರು ಈ ನೀರಲ್ಲಿ ಗೂಟ ಹೊಡೆದು ಊರು ಕಟ್ಟಿದ್ರು. ಹೆಸರನ್ನೂ ಜೊತೆಗೇ ತಂದ್ರು."

"ಅದರ ಅರ್ಥ ಏನು ಫಾದರ್?" ಎಂದೆ.

"ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಪ್ರೀತಿಪಾತ್ರರು, ಬೇಕಾದವರು ಅಂತ ಕೆಲವರು. ಒಂದೇ ಬಳಗದವರು ಅಂತ ಕೆಲವರು. 'ಮತ್ತೆ ಬನ್ನಿ' ಅನ್ನೋ ಲ್ಯಾಟಿನ್ ಮಾತಿಂದ ಬಂತು ಅಂತಾರಲ್ಲ, ಅದು ಕಟ್ಟುಕತೆ."

"ಅದೇ ನಿಜ ಇರ್ಬೇಕು ಬಿಡಿ" ಎಂದಳು ಒಂದೀನಾ. "ಬಂದೋರಿಗೆ ಮತ್ತೆ ಬನ್ನಿ, ಇದ್ದೋರಿಗೆ ಹೊರಡಿ. ಬೇಕಾದವರಂತೆ! ಯಾರಿಗೆ?"

ದಾರಿಯಲ್ಲಿ ಅವಳು ಹಲ್ಲು ಕಚ್ಚಿ ನಡೆದಳು. "ಅವತ್ತು ದಂಡು ಬೆಂಕಿ ಹಚ್ಚಿ ಓಡಿಸ್ತು. ಇವನು ನಗ್ತಾ ಓಡಿಸ್ತಾನೆ, ಅದೇ ದಡಕ್ಕೆ. ಅವತ್ತು ಓಡಿದೋರ ಜೊತೆ ಹೆಸರಾದ್ರೂ ಹೋಯ್ತು ಕಣೇ. ನಂಗೆ ಅದೂ ಇಲ್ಲ."

ಅಕ್ಟೋಬರಿನಲ್ಲಿ ಅವಳ ಮಂಚ, ಹೊಲಿಗೆ ಯಂತ್ರ ದೋಣಿಯೇರಿದವು. ಒಣನೆಲದ ಮೆಸ್ತ್ರೆಯಲ್ಲಿ, ಮಗಳು ಲೊರೆದಾನಾಳ ನಾಲ್ಕನೇ ಮಹಡಿಯ ಮನೆ ಸೇರಿದಳು.

ನವೆಂಬರಿನಲ್ಲಿ, ಆರೋಗ್ಯಮಾತೆಯ ಹಬ್ಬದ ಹಿಂದಿನ ದಿನ ಅವಳನ್ನು ಕರೆಯಲು ಹೋದೆ. ಸಮುದ್ರ ಏರುತ್ತದೆಂದು ಬೆಳಿಗ್ಗೆಯೇ ರೇಡಿಯೊ ಹೇಳಿತ್ತು. ಒಳಗೆ ನೋಡಿದರೆ ಕುರ್ಚಿಗಳೆಲ್ಲ ಮಂಚದ ಮೇಲೆ, ಹಿಟ್ಟಿನ ಚೀಲ ಬೀರುವಿನ ನೆತ್ತಿಯ ಮೇಲೆ, ಚಾಪೆ ಸುತ್ತಿಟ್ಟಿದೆ. ನೀರೇರುವ ಸುದ್ದಿ ಬಂದರೆ ನಾವೆಲ್ಲ ಮಾಡುವುದು ಅದನ್ನೇ.

"ನೋಡಿ ಆಂಟಿ, ನಮ್ಮಮ್ಮನ್ನ! ನಾಲ್ಕನೇ ಮಹಡಿಗೆ ಸಮುದ್ರ ಬರುತ್ತಂತೆ!" ಎಂದು ಲೊರೆದಾನಾ ಹೊಟ್ಟೆ ಹಿಡಿದು ನಕ್ಕಳು.

ಒಂದೀನಾ ಕೈಯಲ್ಲಿ ಬೂಟು ಹಿಡಿದು ನಿಂತಿದ್ದಳು. ಆಗಷ್ಟೇ ಅವಳಿಗೂ ಗೊತ್ತಾಗಿರಬೇಕು. ಮುಖ ಕೆಂಪೇರಿತು. ಬೂಟು ಗೋಡೆಗೆ ಬಡಿಯಿತು. ಲೊರೆದಾನಾಳ ನಗು ನಿಂತಿತು.

"ಇದನ್ನ ಆ ಕುದುರೆಯವನು ಮಾಡ್ತಾನಾ?" ಎಂದಳು ನನಗೆ. "ಪ್ರಾಣ ಹೋಗೋವರೆಗೂ ನಾನು ಇದನ್ನೇ ಮಾಡ್ತೀನಿ. ಹೆಸರು ಮಾತ್ರ ಅವನ ಬಾಗಿಲಲ್ಲಿ!"

ಮರುದಿನ ಮಾತೆಗೆ ಮೇಣದಬತ್ತಿ ಕೊಟ್ಟು ಹೊರಬಂದೆವು. ಅವಳು ಬಸ್ಸಿನ ಕಡೆ ತಿರುಗಲಿಲ್ಲ, ಕಾಸ್ತೆಲ್ಲೊಗೆ ನಡೆದಳು. ಹಳೆಯ ಬಾಗಿಲ ಮೇಲೆ ಆ ಹಿತ್ತಾಳೆಯ ಫಲಕವಿತ್ತು. ಅದರ ಮುಂದೆ ನಿಂತು ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತೆಗೆದಳು. ಹಬ್ಬದ ದಿನ ಇದು ಬೇಡವೆಂದು ನಾನು ಹೇಳಬೇಕಿತ್ತೇನೋ. ಅವಳ ಚೀಲ ಹಿಡಿದುಕೊಂಡೆ. ಆಮೇಲೂ ಮಾತೆಯ ಹತ್ತಿರ ಕ್ಷಮೆ ಕೇಳಿಲ್ಲ.

ಸದ್ದಿಗೆ ರುಜ್ಜೇರೊ ಹೊರಬಂದ. ಅವನ ಹಿಂದೆ ಇಬ್ಬರು ಪ್ರವಾಸಿಗರು.

"ಏನಮ್ಮಾ ಇದು, ಹಾಡಹಗಲೇ ಕಳ್ಳತನ! ಪೊಲೀಸರನ್ನ ಕರೀತೀನಿ!"

"ಕರಿಯಪ್ಪಾ. ಅವರಲ್ಲಿ ಈ ಊರಲ್ಲಿ ಹುಟ್ಟಿದೋನು ಒಬ್ಬ ಸಿಕ್ಕಿದ್ರೆ ನಂಗೂ ತೋರ್ಸು" ಎನ್ನುತ್ತ ಕೊನೆಯ ಸ್ಕ್ರೂ ಬಿಚ್ಚಿದಳು. "ಮನೆ ಕೊಟ್ಟಿದೀನಿ. ಇದನ್ನ ಕೊಡಲ್ಲ."

ಪ್ರವಾಸಿಗರು ಫೋಟೊ ತೆಗೆದುಕೊಳ್ಳುತ್ತಿದ್ದರು. ಅವರೆದುರು ಅವನು ಕೈ ಮಾಡಲಾರದೆ ಹೋದ.

ಈಗ ಫಲಕ ಮೆಸ್ತ್ರೆಯಲ್ಲಿ, ನಾಲ್ಕನೇ ಮಹಡಿಯ ಬಾಗಿಲ ಮೇಲಿದೆ. ಮೊನ್ನೆ ಹೋದಾಗ, ಚೆನ್ನಾಗಿ ಕಾಣುತ್ತದೆ ಎಂದೆ. ಒಂದೀನಾ ಸೂಜಿ ಕಚ್ಚಿಕೊಂಡೇ ಅದರ ಮೇಲೆ ಬೆರಳಾಡಿಸಿದಳು.

"ನಮ್ಮ ಕೇರೀಲಾಗಿದ್ರೆ ಇಷ್ಟೊತ್ತಿಗೆ ಹಸಿರು ಕಿಲುಬು ಹಿಡೀತಿತ್ತು. ಇಲ್ಲಿ ಉಪ್ಪುಗಾಳಿ ಎಲ್ಲಿ ಬರ್ಬೇಕು? ಹಾಳಾದ್ದು, ಹೊಳೀತಾನೇ ಇರುತ್ತೆ."